ನೆರೆ ತಿಂದ ಮಣ್ಣುದಾರಿಗೆ ಹದಿನಾಲ್ಕು ಸೂತ್ರಗಳು

ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಹೆಸರಿಗೆ ಬರದ ಸೀಮೆ. ಆದರೂ ನಮ್ಮ ಮಣ್ಣುದಾರಿಗಳನ್ನು ಮತ್ತೆ ಮತ್ತೆ ಕೆಡವಿದ್ದು ನೀರೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎರೆ ಹೊಲಗಳನ್ನು ಸೀಳಿಕೊಂಡು ಹರಿಯುವ ಹತ್ತಾರು ಹಳ್ಳಗಳು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯನ್ನು ಈ ಸೀಮೆಯ ಯಾರೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂದು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಮಾನ್ವಿಯ ಹೊಳೆದಂಡೆಯ ಊರುಗಳು ನಿದ್ದೆಗೆಟ್ಟು ಕಾದವು.

ಸೇತುವೆ ಮುಳುಗಿದರೆ ಸುದ್ದಿಯಾಗುತ್ತದೆ, ಮಂತ್ರಿಗಳು ಬರುತ್ತಾರೆ. ಊರಿಂದ ಹೊಲಕ್ಕೆ, ತಾಂಡಾದಿಂದ ಶಾಲೆಗೆ, ದಂಡೆಯಿಂದ ಡಾಂಬರು ರಸ್ತೆಗೆ ಹೋಗುವ ಒಂದೆರಡು ಕಿಲೋಮೀಟರ್ ಮಣ್ಣುದಾರಿ ಕೊಚ್ಚಿಹೋದರೆ ಕೇಳುವವರು ಕಡಿಮೆ. ಹತ್ತಿ ಮನೆಗೆ ಬರುವುದು, ಬಸುರಿ ಹೆಣ್ಣುಮಗಳು ಆಸ್ಪತ್ರೆ ಸೇರುವುದು ಆ ದಾರಿಯ ಮೇಲೇ. ಅದನ್ನು ಮುಂದಿನ ನೆರೆಗೂ ಉಳಿಯುವಂತೆ ಕಟ್ಟುವುದು ಸಾಧ್ಯ. ಗ್ರಾಮ ಪಂಚಾಯಿತಿ ಸದಸ್ಯರು, ರೈತ ಸಂಘದವರು, ಯುವಕ ಮಂಡಳಿಯವರು ಹಿಡಿದು ಮಾಡಬಹುದಾದ ಸೂತ್ರಗಳು ಇಲ್ಲಿವೆ.

1. ನೀರಿಳಿದ ಕೂಡಲೇ ಗಾಡಿ ಬಿಡಬೇಡಿ

ನೆರೆ ಮಾಡುವಷ್ಟೇ ಹಾನಿಯನ್ನು ನೆರೆ ಇಳಿದ ಮೊದಲ ವಾರದಲ್ಲಿ ಟ್ರ್ಯಾಕ್ಟರ್‌ಗಳು ಮಾಡುತ್ತವೆ. ಎರೆ ಮಣ್ಣು ನೀರು ಕುಡಿದು ಉಬ್ಬಿರುತ್ತದೆ. ಅದರ ಮೇಲೆ ಒಂದು ಟ್ರಾಲಿ ಹಾದರೆ ಮೊಳಕಾಲುದ್ದ ಗಾಲಿಪಟ್ಟೆ ಬೀಳುತ್ತದೆ, ಅದೇ ಮುಂದಿನ ಮಳೆಗೆ ಕಾಲುವೆ. ಎರಡೂ ತುದಿಗೆ ಜಾಲಿಮುಳ್ಳು ಎಳೆದು ದಾರಿ ಮುಚ್ಚಿ. ತುರ್ತಿಗೆ ದಾಟಲೇಬೇಕಾದ ಕಡೆ ಜಾಲಿಕಟ್ಟಿಗೆಯ ಹೊರೆಗಳನ್ನು ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಹಾಸಿ, ಮೇಲೆ ಗರಸು ಸುರಿಯಿರಿ. ಶಾಶ್ವತ ಕೆಲಸ ಶುರುವಾದಾಗ ಆ ಕಟ್ಟಿಗೆ ಕಿತ್ತು ತೆಗೆಯಿರಿ. ಒಳಗೇ ಬಿಟ್ಟರೆ ಕೊಳೆತು ದಾರಿ ಕುಸಿಯುತ್ತದೆ.

2. ಮುರಿದದ್ದು ಹೊಳೆಯೋ ಹಳ್ಳವೋ ಗುರುತಿಸಿ

ಎರಡರ ಗಾಯವೂ ಬೇರೆ, ಮದ್ದೂ ಬೇರೆ. ಕೃಷ್ಣೆಯ ನೆರೆ ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಯಿಂದ ಬರುವಂಥದ್ದು. ನಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. ಮೆಲ್ಲಗೆ ಬಂದು, ದಿನಗಟ್ಟಲೆ ನಿಂತು, ದಾರಿಯನ್ನು ಒಳಗಿಂದ ನೆನೆಸಿ, ಮೇಲೆ ರೇವೆ ಹಾಸಿ ಹೋಗುತ್ತದೆ. ಗೂಗಲ್, ಕೊಪ್ಪರದಂಥ ದಂಡೆಯ ಊರುಗಳ ಕಥೆ ಇದು. ಹಳ್ಳದ ನೆರೆ ಹಾಗಲ್ಲ. ಊರ ಮೇಲೆಯೇ ಸುರಿದ ಮಳೆ ಗಂಟೆಯೊಳಗೆ ನುಗ್ಗಿ ಬಂದು, ದಾರಿಯನ್ನು ಕತ್ತರಿಸಿ, ಸಂಜೆಗೆ ಏನೂ ಆಗದಂತೆ ಇಳಿದಿರುತ್ತದೆ.

ಹೊಳೆ ನೆನೆಸಿದ ದಾರಿಗೆ ಒಣಗುವ ಸಮಯ ಮತ್ತು ಗಟ್ಟಿ ಮೇಲ್ಪದರ ಬೇಕು. ಹಳ್ಳ ಕಡಿದ ದಾರಿಗೆ ನೀರು ದಾಟುವ ಜಾಗ ಬೇಕು. ಹಳ್ಳ ಕಡಿದ ಜಾಗಕ್ಕೆ ಬರೀ ಗರಸು ಸುರಿದು ಬಿಲ್ಲು ಬರೆದ ಎಷ್ಟೋ ಕೆಲಸಗಳು ಮರುವರ್ಷವೇ ಕೊಚ್ಚಿಹೋಗಿವೆ.

3. ಗುರುತು ಆರುವ ಮುನ್ನ ನಡೆದು ನೋಡಿ

ನೀರು ಎಲ್ಲಿಂದ ಹತ್ತಿತು, ಎಲ್ಲಿ ದಾಟಿತು, ಎಷ್ಟು ಎತ್ತರಕ್ಕೆ ಬಂತು ಎಂಬುದನ್ನು ಬೇಲಿಗೆ ಸಿಕ್ಕಿದ ಕಸವೇ ಹೇಳುತ್ತದೆ. ಆ ಕಸದ ಎತ್ತರಕ್ಕೆ ಗಿಡಕ್ಕೋ ಕಂಬಕ್ಕೋ ಬಣ್ಣ ಬಳಿಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹದಿನೈದು ದಿನ ಕಳೆದರೆ ಈ ಸಾಕ್ಷಿ ಉಳಿಯದು. ಪಂಚಾಯಿತಿಯಲ್ಲಿ ಅಂದಾಜುಪಟ್ಟಿ ಮಾಡುವಾಗ, ಎಂಜಿನಿಯರ್ ಬೇಸಿಗೆಯಲ್ಲಿ ಬಂದು ಒಣ ಹಳ್ಳ ನೋಡುವಾಗ ಕೆಲಸಕ್ಕೆ ಬರುವುದು ಇದೇ. ಊರ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. 2009ರಲ್ಲಿ ನೀರು ಎಲ್ಲಿತನಕ ಬಂದಿತ್ತೆಂದು ಅವರು ನಿಂತ ಜಾಗದಿಂದಲೇ ಕೈಮಾಡಿ ತೋರಿಸುತ್ತಾರೆ.

4. ದಾರಿ ಎತ್ತರಿಸುವ ಆಸೆ ಬಿಡಿ

ಈ ಸೂತ್ರಕ್ಕೆ ಊರಲ್ಲಿ ವಿರೋಧ ಬರುತ್ತದೆ ಎಂದು ನನಗೆ ಗೊತ್ತು. "ಹೋದ ಸಲ ಎರಡು ಅಡಿ ನೀರು ಬಂತು, ಈ ಸಲ ಮೂರು ಅಡಿ ಏರಿಸಿಬಿಡೋಣ" ಎನ್ನುವುದು ಎಲ್ಲರ ಮೊದಲ ಮಾತು. ಹಳ್ಳದ ಬಯಲಿನಲ್ಲಿ ಮಣ್ಣುದಾರಿ ಏರಿಸಿದರೆ ಅದು ದಾರಿಯಾಗಿ ಉಳಿಯದೆ ಒಡ್ಡಾಗುತ್ತದೆ. ಮೇಲ್ಬದಿಯ ಹೊಲದಲ್ಲಿ ನೀರು ನಿಲ್ಲುತ್ತದೆ, ತೊಗರಿ ಕೊಳೆಯುತ್ತದೆ, ಕೊನೆಗೆ ನೀರು ಒಡ್ಡಿನ ಮೇಲೆ ಹತ್ತಿ ಆಚೆ ಬದಿಗೆ ಧುಮುಕುತ್ತದೆ.

ಆ ಧುಮುಕುವ ಬದಿಯನ್ನು ನೋಡಿ. ನೆರೆ ತಿಂದ ದಾರಿ ಬಹುಪಾಲು ಮುರಿಯುವುದು ನೀರು ಬಂದ ಬದಿಯಿಂದಲ್ಲ, ಹೋದ ಬದಿಯಿಂದ. ಬೀಳುವ ನೀರು ಬುಡ ಕೊರೆಯುತ್ತದೆ, ಕೊರೆತ ಹಿಂದೆ ಹಿಂದೆ ಸರಿದು ನಡುದಾರಿಗೆ ಬರುತ್ತದೆ, ಆಮೇಲೆ ಒಂದೇ ಏಟಿಗೆ ಕಿತ್ತುಹೋಗುತ್ತದೆ. ಆದ್ದರಿಂದ ನೀರು ದಾಟುವ ಜಾಗವನ್ನು ಹಳ್ಳದ ಮಟ್ಟಕ್ಕೇ ತಗ್ಗಿಸಿ, ಅಷ್ಟು ಉದ್ದಕ್ಕೆ ಕಲ್ಲುಹಾಸು ಅಥವಾ ಕಾಂಕ್ರೀಟ್ ಮಾಡಿ. ಎರಡೂ ಕಡೆ ಇಳಿಜಾರು ಸಾವಕಾಶವಾಗಿರಲಿ, ತುಂಬಿದ ಬಂಡಿ ಹತ್ತುವಂತಿರಲಿ. ಕೆಳಬದಿಯಲ್ಲಿ, ನೀರು ಬೀಳುವ ಕಡೆ, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ ಕಲ್ಲುಗಳನ್ನು ಒತ್ತಾಗಿ ಹಾಸಿ. ಸಣ್ಣ ಕಲ್ಲೇ ಸಿಗುವುದಾದರೆ ತಂತಿಬಲೆಯ ಪೆಟ್ಟಿಗೆಯೊಳಗೆ ತುಂಬಿಡಿ. ವರ್ಷಕ್ಕೆ ನಾಲ್ಕಾರು ದಿನ ಕೆಲವು ಗಂಟೆ ದಾರಿ ಬಂದ್ ಆಗುತ್ತದೆ, ನಿಜ. ನೀರಿಳಿದ ಮೇಲೆ ದಾರಿ ಇದ್ದಲ್ಲೇ ಇರುತ್ತದೆ.

ಪೈಪ್ ಹಾಕುವುದೇ ಆದರೆ ಕೈ ಹಿಡಿತ ಬೇಡ. ಒಂದಡಿ ವ್ಯಾಸದ ಪೈಪಿಗೆ ಹತ್ತಿಕಟ್ಟಿಗೆ, ಜಾಲಿಕೊಂಬೆ ಸಿಕ್ಕಿದರೆ ಅರ್ಧ ಗಂಟೆಯಲ್ಲಿ ಬಾಯಿ ಕಟ್ಟುತ್ತದೆ. ಮನುಷ್ಯ ಬಗ್ಗಿ ಒಳಹೋಗಿ ಕಸ ತೆಗೆಯುವಷ್ಟು, ಅಂದರೆ ಮೂರು ಅಡಿ ವ್ಯಾಸದ ಹ್ಯೂಮ್ ಪೈಪ್ ಹಾಕಿ. ಪೈಪಿನ ಮೇಲೆ ಒಂದೂವರೆಯಿಂದ ಎರಡು ಅಡಿ ಮಣ್ಣು ದಮ್ಮಸ್ಸಾಗಿರಲಿ, ಎರಡೂ ಬಾಯಿಗೆ ಕಲ್ಲಿನ ಗೋಡೆ ಇರಲಿ. ಗೋಡೆಯಿಲ್ಲದ ಪೈಪಿನ ಪಕ್ಕದಿಂದ ನೀರು ಹಾದಿ ಮಾಡಿಕೊಳ್ಳುತ್ತದೆ. ಪೈಪ್ ಉಳಿದು ದಾರಿ ಹೋದ ನೋಟವನ್ನು ದೇವದುರ್ಗದ ಕಡೆ ಯಾವ ಮಳೆಗಾಲದಲ್ಲೂ ಕಾಣಬಹುದು.

5. ರೇವೆ ಮಣ್ಣು ಹೊಲಕ್ಕೆ

ಹೊಳೆ ಹಾಸಿಹೋದ ನುಣ್ಣನೆ ಮೆಕ್ಕಲನ್ನು ಬ್ಲೇಡಿನಲ್ಲಿ ದಾರಿಗೇ ಎಳೆದು ಸಮ ಮಾಡುವವರಿದ್ದಾರೆ. ಒಣಗಿದಾಗ ಚೆಂದ ಕಾಣುತ್ತದೆ, ಮೊದಲ ಮಳೆಗೆ ಬೆಣ್ಣೆಯಾಗುತ್ತದೆ. ಕೆರೆದು ತೆಗೆದು ಹೊಲಕ್ಕೆ ಹಾಕಿ, ಬೆಳೆಗೆ ಒಳ್ಳೆಯದು. ಹಳೆಯ ಗಟ್ಟಿ ನೆಲ ಕಾಣುವ ತನಕ ಕೆರೆಯಿರಿ, ಕೆಲಸ ಅಲ್ಲಿಂದ ಶುರು.

6. ಕೊರಕಲಿಗೆ ಮೆಟ್ಟಿಲು ಕಡಿದು ತುಂಬಿ

ಕೊರಕಲಿನೊಳಗೆ ಟ್ರಾಲಿ ಎತ್ತಿ ಮಣ್ಣು ಸುರಿದು, ಮೇಲೆ ಜೆಸಿಬಿ ಬಕೆಟ್‌ನಿಂದ ತಟ್ಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹೊಸ ಮಣ್ಣು ಹಳೆಯ ಗೋಡೆಗೆ ಹಿಡಿಯುವುದಿಲ್ಲ, ನಡುವಿನ ಸಂದಿಯಲ್ಲಿ ನೀರಿಳಿಯುತ್ತದೆ. ಕೊರಕಲಿನ ಗೋಡೆಗಳನ್ನು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಎಂಟೊಂಬತ್ತು ಇಂಚು ಸಡಿಲ ಮಣ್ಣು ಹರಡಿ, ನೀರು ಚಿಮುಕಿಸಿ, ಆರು ಇಂಚಿಗೆ ಇಳಿಯುವ ತನಕ ದಮ್ಮಸ್ಸು ಮಾಡಿ. ಆಮೇಲೆ ಮುಂದಿನ ಪದರ.

ನೀರು ಎಷ್ಟು? ಹಿಡಿ ಮಣ್ಣು ತೆಗೆದುಕೊಂಡು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಬೇಕು, ಅಂಗೈಗೆ ನೀರು ಹತ್ತಬಾರದು. ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಪುಡಿಯಾದರೆ ಒಣಗಿದೆ, ಚಪ್ಪಟೆಯಾಗಿ ಕೂತರೆ ನೀರು ಹೆಚ್ಚಾಗಿದೆ. ಎಂಟು ಟನ್ನಿನ ರೋಲರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗರಸು ತುಂಬಿದ ಟ್ರಾಲಿಯನ್ನು ಪ್ರತಿಸಲ ಒಂದು ಗಾಲಿಯಗಲ ಸರಿಸಿ ಸರಿಸಿ ಓಡಿಸಿ. ಒಂದೇ ಜಾಡಿನಲ್ಲಿ ಓಡಿಸಿದರೆ ಪಟ್ಟೆ ಬೀಳುತ್ತದೆ.

7. ಎರೆಯ ಮೇಲೆ ನೇರವಾಗಿ ಕಲ್ಲು ಹಾಕಬೇಡಿ

ಎರೆ ಕಲ್ಲು ನುಂಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಎರೆಯಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಹಾಕಿದ ಜಲ್ಲಿ ಮಳೆಗಾಲಕ್ಕೊಮ್ಮೆ ಒಂದಿಷ್ಟು ಒಳಗಿಳಿಯುತ್ತದೆ, ಜೇಡಿ ಮೇಲೇಳುತ್ತದೆ. ಮೂರು ವರ್ಷಕ್ಕೆ ಕಲ್ಲೆಲ್ಲ ಕೆಳಗೆ, ಕೆಸರೆಲ್ಲ ಮೇಲೆ. ಕೆಂಪು ಮಸಾರಿ ನೆಲಕ್ಕೆ ಈ ತೊಂದರೆ ಇಲ್ಲ, ಅಲ್ಲಿ ನೇರ ಗರಸು ಹಾಕಬಹುದು.

ಎರೆಗೆ ಎರಡು ದಾರಿಯುಂಟು. ಒಂದು, ಮೊದಲು ಮರಳುಮಿಶ್ರಿತ ಗರಸಿನ ಆರಿಂಚಿನ ಹಾಸು ಹಾಕಿ, ಅದು ಗಟ್ಟಿಯಾದ ಮೇಲೆ ಉಳಿದದ್ದು. ಇನ್ನೊಂದು, ಮೇಲಿನ ಆರಿಂಚು ಎರೆಯನ್ನು ರೋಟವೇಟರ್‌ನಲ್ಲಿ ಸಡಿಲಿಸಿ, ನೂರು ಕಿಲೋ ಒಣಮಣ್ಣಿಗೆ ಮೂರರಿಂದ ಐದು ಕಿಲೋದಂತೆ ಸುಣ್ಣ ಬೆರೆಸಿ, ನೀರು ಹೊಡೆದು ದಮ್ಮಸ್ಸು ಮಾಡುವುದು. ಸುಣ್ಣ ಬಿದ್ದ ಎರೆ ತನ್ನ ಉಬ್ಬುವ ಗುಣ ಬಹುಮಟ್ಟಿಗೆ ಬಿಡುತ್ತದೆ.

ಈ ಎರಡನೆಯ ದಾರಿಗೆ ರಾಯಚೂರಿನಲ್ಲಿ ಒಂದು ಅನುಕೂಲವಿದೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಎಂಬತ್ತರ ದಶಕದಿಂದ ಕಲ್ಲಿದ್ದಲು ಉರಿಸುತ್ತಿದೆ, ಹಾರುಬೂದಿಗೆ ಬರವಿಲ್ಲ. ಸುಣ್ಣದ ಜೊತೆ ಹಾರುಬೂದಿ ಸೇರಿಸಿದರೆ ಪದರ ಇನ್ನೂ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿನ ಬೂದಿ ಒಂಟಿಯಾಗಿ ಗಟ್ಟಿಯಾಗುವಂಥದ್ದಲ್ಲ, ಸುಣ್ಣ ಬೇಕೇ ಬೇಕು. ಎಷ್ಟು ಬೂದಿಗೆ ಎಷ್ಟು ಸುಣ್ಣ ಎಂಬುದನ್ನು ಊಹಿಸಬೇಡಿ. ಒಂದು ಚೀಲ ಮಣ್ಣು ಹೊತ್ತು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಕೇಳಿ. ಬೂದಿಯನ್ನು ತೋಯಿಸಿಯೇ ಹರಡಿ, ಕೆಲಸದವರು ಮೂಗುಬಾಯಿ ಕಟ್ಟಿಕೊಳ್ಳಲಿ, ಮೇಲೆ ಗರಸಿನ ಹೊದಿಕೆ ತಪ್ಪದೇ ಹಾಕಿ. ಶಕ್ತಿನಗರ, ದೇವಸೂಗೂರಿನ ಜನ ಬೂದಿಗಾಳಿ ಕುಡಿದದ್ದು ಸಾಕು. ಆ ಧೂಳು ಇನ್ನೊಂದು ಊರಿಗೆ ಹೋಗುವುದು ಬೇಡ.

8. ಗರಸು ನೋಡಿ ತನ್ನಿ, ಎಣಿಸಿ ಇಳಿಸಿ

ಗರಸೆಂದು ಬರುವುದೆಲ್ಲ ಗರಸಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಅದನ್ನು ಹಾಕಿ, ನೀರು ತುಂಬಿ, ಕುಲುಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗೆ ಹರಳು, ಮೇಲೆ ಮರಳು, ಅದರ ಮೇಲೆ ಜೇಡಿ ಪದರ ಪದರವಾಗಿ ಕೂತಿರುತ್ತವೆ. ಜೇಡಿಯೇ ದಪ್ಪವಾಗಿದ್ದರೆ ಆ ಗುಡ್ಡೆ ಬಿಡಿ. ಜೇಡಿ ಇಲ್ಲವೇ ಇಲ್ಲ ಎಂದರೂ ಬೇಡ, ಅಂಥ ಗರಸು ಒಂದಕ್ಕೊಂದು ಹಿಡಿಯದೆ ಗಾಲಿಗೆ ಹಾರುತ್ತದೆ. ನುಣ್ಣನೆ ಭಾಗ ಕಲಸಿ ಅಂಗೈಯಲ್ಲಿ ಹೊಸೆದರೆ ಮೋಟು ಬತ್ತಿಯಾಗಿ ತುಂಡಾಗಬೇಕು, ಶಾವಿಗೆಯಂತೆ ಎಳೆ ಬರಬಾರದು.

ಲೆಕ್ಕ ಸುಲಭ. ಹನ್ನೆರಡು ಅಡಿ ಅಗಲದ ದಾರಿಗೆ ಆರಿಂಚು ಗಟ್ಟಿ ಪದರ ಬೇಕಾದರೆ ನೂರು ಅಡಿ ಉದ್ದಕ್ಕೆ 600 ಘನ ಅಡಿ. ಸಡಿಲವಾಗಿದ್ದಾಗ ಅದೇ 770ರ ಸುಮಾರು. ಒಂದು ಟ್ರಾಲಿ 100 ಘನ ಅಡಿ ಹಿಡಿದರೆ ಎಂಟು ಟ್ರಿಪ್. ಕಿಲೋಮೀಟರಿಗೆ 250ಕ್ಕೂ ಮೇಲೆ. ಯಾರಾದರೂ ಕಿಲೋಮೀಟರಿಗೆ ನೂರು ಟ್ರಿಪ್ಪಿನಲ್ಲಿ ಮುಗಿಸುತ್ತೇವೆ ಎಂದರೆ ಪದರ ಎರಡೂವರೆ ಇಂಚೂ ಇರುವುದಿಲ್ಲ. ದಾರಿ ಬದಿಗೆ ಗುಡ್ಡೆ ಇಳಿಸಿದಾಗಲೇ ಎಣಿಸಿ. ಗರಸು ತೆಗೆಯಲು ಗಣಿ ಇಲಾಖೆಯ ಅನುಮತಿ ಬೇಕು. ನಮ್ಮ ದಾರಿಗೆಂದು ಪಕ್ಕದೂರ ಗುಡ್ಡ ಬಗೆಯುವುದು ಸರಿಯಲ್ಲ.

ಭಾರ ಹೊರುವ ದಾರಿಯ ಕಷ್ಟ ನಮ್ಮೂರಿಗೆ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ 41 ಅಡಿಗೂ ಉದ್ದದ ಕಲ್ಲುಚಪ್ಪಡಿಯನ್ನು ನೀವು ನೋಡಿರಬೇಕು. ಅದರ ಬಳಿಯೇ, ಅಂಥ ಕಲ್ಲನ್ನು ಬಂಡಿಗೆ ಹೇರಿ ಸಾಲುಗಟ್ಟಿದ ಕೋಣಗಳು ಎಳೆಯುವ ಚಿತ್ರ ಕೆತ್ತಿದ್ದಾರೆ. ಹಿಂದಿನಿಂದ ಆಳುಗಳು ಗಾಲಿಗೆ ಮರದ ಸನ್ನೆ ಕೊಟ್ಟು ದೂಡುತ್ತಿದ್ದಾರೆ. ನಮ್ಮ ಜಿಲ್ಲೆಯ ದಾರಿಗೆಲಸದವರೆಲ್ಲ ಒಮ್ಮೆ ಆ ಗೋಡೆಯ ಮುಂದೆ ನಿಂತು ಬರಬೇಕು ಎಂಬುದು ನನ್ನ ಆಸೆ.

9. ನಡುಬೆನ್ನು ಎತ್ತರ, ಎರಡೂ ಬದಿ ಕಾಲುವೆ

ಹನ್ನೆರಡು ಅಡಿ ದಾರಿಗೆ ನಡುವು ಅಂಚಿಗಿಂತ ಮೂರು ಇಂಚು ಎತ್ತರ. ಕೂತುಕೊಳ್ಳುತ್ತದೆ, ಆದ್ದರಿಂದ ನಾಲ್ಕು ಇಂಚಿಟ್ಟು ಶುರು ಮಾಡಿ. ಗೌಂಡಿಗಳ ನೀರಿನ ಲೆವೆಲ್ ಪೈಪ್ ಸಾಕು ಇದನ್ನು ಅಳೆಯಲು. ಬದಿಗಾಲುವೆ ಕಡಿದರೆ ಸಾಲದು, ಅದರ ನೀರು ಹಳ್ಳಕ್ಕೋ ಬಯಲಿಗೋ ಹೋಗಿ ಮುಟ್ಟಬೇಕು. ಎಲ್ಲಿಗೂ ಮುಟ್ಟದ ಕಾಲುವೆ ದಾರಿಯ ಬುಡಕ್ಕೇ ನೀರು ಕುಡಿಸುತ್ತದೆ.

10. ಮಾನ್ವಿಯವರಿಗೆ ಒಂದು ಬೇರೆ ಮಾತು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಕಡೆ ದಾರಿಗೆ ಮಳೆಗಾಲವೊಂದೇ ಶತ್ರುವಲ್ಲ. ಆಚೆ ಗದ್ದೆಗೆ ನೀರು ಹಾಯಿಸಲು ರಾತ್ರಿ ದಾರಿ ಕಡಿದು, ಬೆಳಿಗ್ಗೆ ಎರಡು ಬುಟ್ಟಿ ಮಣ್ಣು ಹಾಕಿ ಮುಚ್ಚುವುದು ನಡೆಯುತ್ತದೆ. ನೆರೆ ಬಂದಾಗ ಮೊದಲು ಬಾಯಿಬಿಡುವುದು ಆ ಗಾಯವೇ. ನೀರು ಬೇಕಾದ ರೈತನಿಗೆ ಪೈಪ್ ಹಾಕಿಕೊಡಿ, ಖರ್ಚನ್ನು ಊರು ಹಂಚಿಕೊಳ್ಳಲಿ. ಕೆಸರುಗದ್ದೆಯ ಕೇಜ್‌ವೀಲ್ ಕಟ್ಟಿಕೊಂಡೇ ಟ್ರ್ಯಾಕ್ಟರನ್ನು ದಾರಿಗೆ ತರುವುದನ್ನು ಗ್ರಾಮಸಭೆಯಲ್ಲೇ ನಿಲ್ಲಿಸಿ. ಅರ್ಧ ತಾಸಿನ ಬಿಚ್ಚುವ ಕೆಲಸ ತಪ್ಪಿಸಲು ಹೋಗಿ ಲಕ್ಷಗಟ್ಟಲೆ ರೂಪಾಯಿಯ ಗರಸು ಉಳುವುದು ಅನ್ಯಾಯ. ಚೀಕಲಪರ್ವಿಯಂಥ ದಂಡೆಯ ಊರಿಗೆ ಗದ್ದೆನೀರು, ಹೊಳೆನೀರು ಎರಡೂ ಬರುತ್ತವೆ. ಅಲ್ಲಿ ಬದಿಗಾಲುವೆ ಇನ್ನೂ ಒಂದಡಿ ಆಳವಾಗಿರಲಿ.

11. ರಾಯಚೂರು ನಗರದೊಳಗೆ

ಹೊಸ ಬಡಾವಣೆಗಳ ಮಣ್ಣುರಸ್ತೆ ಕುಸಿಯುವುದು ಹೆಚ್ಚಾಗಿ ಪೈಪಿಗಾಗಿ ಅಗೆದ ಕಡೆ. ಆರನೇ ಸೂತ್ರದ ಪದರ ಲೆಕ್ಕ ಅಲ್ಲಿಗೂ ಅನ್ವಯ. ಉದ್ಯಾನ, ಕೆರೆದಂಡೆಯ ನಡಿಗೆದಾರಿಗೆ ಗಾಡಿಭಾರ ಇಲ್ಲ, ಆದ್ದರಿಂದ ನಾಲ್ಕು ಇಂಚು ಗರಸು, ಮೇಲೆ ಒಂದಿಂಚು ಕ್ರಷರ್ ಪುಡಿ ಸಾಕು. ಅಂಚಿಗೆ ಸಿಮೆಂಟ್ ಕಟ್ಟೆ ಕಟ್ಟಿ ನೀರು ಕೂಡಿಹಾಕಬೇಡಿ, ಗರಿಕೆ ಹಬ್ಬಿಸಿ.

12. ಹಣ ಮತ್ತು ಕಾಗದ

ಗ್ರಾಮಸಭೆಯ ಠರಾವಿಲ್ಲದೆ ಏನೂ ಹೊರಡದು. ಠರಾವಿನಲ್ಲಿ ದಾರಿಯ ಹೆಸರಿನ ಜೊತೆ ನೀರು ದಾಟುವ ಪ್ರತಿ ಜಾಗವನ್ನೂ ಬರೆಸಿ. ಅಂದಾಜುಪಟ್ಟಿಯಲ್ಲಿ ಗರಸು ಮಾತ್ರ ಇದ್ದು ಮೋರಿ ಇಲ್ಲದಿದ್ದರೆ ಒಪ್ಪಬೇಡಿ, ಮೋರಿ ಮೊದಲು. ಹಣ ಕಡಿಮೆ ಬಂದರೆ ಎರಡು ಕಿಲೋಮೀಟರ್ ತೆಳ್ಳಗೆ ಬಳಿಯುವ ಬದಲು ಅರ್ಧ ಕಿಲೋಮೀಟರ್ ಸರಿಯಾಗಿ ಮಾಡಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕೂಲಿಗೆ 60, ಸಾಮಗ್ರಿಗೆ 40ರ ಲೆಕ್ಕವಿತ್ತು. ಕೈಯಿಂದ ಮಾಡುವ ಕೆಲಸ ಈ ದಾರಿಯಲ್ಲಿ ಬೇಕಾದಷ್ಟಿದೆ: ರೇವೆ ಕೆರೆಯುವುದು, ಮೆಟ್ಟಿಲು ಕಡಿಯುವುದು, ಬದಿಗಾಲುವೆ ತೋಡುವುದು, ಕಲ್ಲು ಹಾಸುವುದು. ಇವನ್ನು ಜೆಸಿಬಿಗೆ ಕೊಟ್ಟು ಕೂಲಿಯವರನ್ನು ಗುಳೆ ಕಳಿಸಬೇಡಿ. ಬೆಂಗಳೂರಿನ ಕಟ್ಟಡಗಳಿಗೆ ದೇವದುರ್ಗದಿಂದ ಹೋಗುವ ಜನರ ಕೈಗೆ ತಮ್ಮೂರಲ್ಲೇ ಕೆಲಸ ಸಿಗಬೇಕು.

ಬಿಲ್ಲಿಗೆ ಮುನ್ನ ಮೂರು ಕಡೆ ಒಂದಡಿ ಗುಂಡಿ ತೋಡಿಸಿ, ಸ್ಕೇಲು ಇಟ್ಟು ಪದರ ಅಳೆಯಿರಿ. ಗುತ್ತಿಗೆದಾರ ಹೇಳಿದ ಜಾಗ ಬೇಡ, ನೀವು ಆರಿಸಿದ ಜಾಗ.

13. ಕಾಲ ನೋಡಿ ಕೈಹಾಕಿ

ಮೇ ತಿಂಗಳ ಕೆಂಡದಂಥ ಬಿಸಿಲಿಗೆ ಹೊಡೆದ ನೀರು ಕ್ಷಣದಲ್ಲಿ ಆರುತ್ತದೆ, ದಮ್ಮಸ್ಸು ಹಿಡಿಯದು. ಅಕ್ಟೋಬರ್, ನವೆಂಬರ್ ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಕಾಲ, ಆಗ ತಾತ್ಕಾಲಿಕ ದಾರಿ. ಡಿಸೆಂಬರ್ ಕೊನೆಯಿಂದ ಫೆಬ್ರುವರಿ ತನಕ ಮಣ್ಣಿನಲ್ಲಿ ಹದವಿದೆ, ಹಳ್ಳದಲ್ಲಿ ನೀರಿದೆ, ಕೆಲಸಕ್ಕೆ ಜನರೂ ಸಿಗುತ್ತಾರೆ. ಶಾಶ್ವತ ಕೆಲಸಕ್ಕೆ ಇದೇ ಕಾಲ. ಕುರ್ವಕುಲ, ಕುರ್ವಕುರ್ದದಂಥ ಕೃಷ್ಣೆಯ ನಡುಗಡ್ಡೆಗಳಲ್ಲಿ ಹೊಳೆ ಇಳಿದ ದಿನಗಳಲ್ಲೇ ಸಾಮಾನು ದಾಟಿಸಿಕೊಂಡು ಬೇಸಿಗೆಯಲ್ಲಿ ಮುಗಿಸಬೇಕು. ಅಲ್ಲಿಯ ಜನಕ್ಕೆ ಮಳೆಗಾಲದಲ್ಲಿ ಉಳಿಯುವುದು ತೆಪ್ಪ ಮಾತ್ರ.

14. ದಾರಿಗೊಬ್ಬ ಸಲಿಕೆಯವನನ್ನು ಇಡಿ

ಹಿಂದೆ ರಸ್ತೆಗಳಿಗೆ ಗ್ಯಾಂಗ್ ಕೂಲಿಗಳಿದ್ದರು. ಮಳೆ ಬಂದ ಮರುದಿನ ಸಲಿಕೆ ಹೆಗಲಿಗೇರಿಸಿ ತಮ್ಮ ಪಾಲಿನ ದಾರಿ ನಡೆಯುತ್ತಿದ್ದರು, ಸಣ್ಣ ತೂತು ಮುಚ್ಚುತ್ತಿದ್ದರು, ಕಾಲುವೆಯ ಕಸ ಎತ್ತುತ್ತಿದ್ದರು. ಆ ಪದ್ಧತಿ ಹೋದದ್ದು ಮಣ್ಣುದಾರಿಗೆ ಆದ ದೊಡ್ಡ ನಷ್ಟ ಎಂದು ನಾನು ನಂಬಿದ್ದೇನೆ. ಪಂಚಾಯಿತಿ ಮನಸ್ಸು ಮಾಡಿದರೆ ಮಳೆಗಾಲದ ನಾಲ್ಕು ತಿಂಗಳಿಗೆ ಒಬ್ಬರಿಗೆ ಕೂಲಿ ಕೊಟ್ಟು ಇದನ್ನು ಮತ್ತೆ ತರಬಹುದು. ಮೋರಿಯ ಬಾಯಿಗೆ ಹಬ್ಬುವ ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆಯುವುದೂ ಅವರ ಕೆಲಸವೇ.

ಮುಂಗಾರಿನ ಬಾಗಿಲಲ್ಲಿ ಕಾರಹುಣ್ಣಿಮೆ ಬರುತ್ತದೆ. ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಹಳ್ಳಿಹಳ್ಳಿಯಿಂದ ಜನ ಸೇರುತ್ತಾರೆ. ಈ ಸಲ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಮೊದಲು ನಿಮ್ಮೂರ ಮೋರಿಯ ಬಾಯಿಗೆ ಒಮ್ಮೆ ಬಗ್ಗಿ ನೋಡಿ. ಆಚೆ ಬದಿಯ ಬೆಳಕು ಕಾಣದಿದ್ದರೆ ಅವತ್ತೇ ಸಲಿಕೆ ತನ್ನಿ.